ಅಂಕೆಯೂ ನಂಬಿಕೆಯೂ

ಸೂಪಾ ಸೀಮೆಯವರಾದ ನಮಗೆ ಉದ್ಯೋಗವೆಂದೊಡನೆ ನೆನಪಾಗುವುದು ದಾಂಡೇಲಿ. 1955ರಲ್ಲಿ ಹುಟ್ಟಿದ ವೆಸ್ಟ್ ಕೋಸ್ಟ್ ಕಾಗದ ಗಿರಣಿ 1959ರಲ್ಲಿ ಉತ್ಪಾದನೆ ಆರಂಭಿಸಿತು. ಕಾಡಿನ ಬಿದಿರು ಕಾಗದವಾಯಿತು, ಕಾಡಿನ ಮಕ್ಕಳು ಪಾಳಿಯ ಕೆಲಸಗಾರರಾದರು. ಇಂಥ ಕಾರಖಾನೆಗಳ ಕಾಲದಲ್ಲಿ ಮೇಲಧಿಕಾರಿಯ ಹಿಡಿತ ಎಷ್ಟಿರಬೇಕು, ದುಡಿಯುವವನ ಮಾತಿಗೆ ಬೆಲೆ ಎಷ್ಟಿರಬೇಕು ಎಂಬುದನ್ನು ವಾಚಕರ ಮುಂದಿಡಬಯಸುತ್ತೇನೆ.

'ಅಂಕೆಯಿಲ್ಲದ ಕಪಿ ಲಂಕೆ ಸುಟ್ಟಿತು' ಎಂದು ಹಿರಿಯರು ಎಚ್ಚರಿಸುತ್ತಾರೆ. ನಿಜ, ಶಿಸ್ತಿಲ್ಲದೆ ಯಂತ್ರ ನಡೆಯದು. ಆದರೆ ಆ ಕಪಿಯನ್ನು ಕಳುಹಿಸಿದ ಬಗೆಯನ್ನೂ ನೆನೆಯಬೇಕು. ರಾಮನು ಹನುಮಂತನ ಕೈಗೆ ಉಂಗುರವಿತ್ತನು, ಕಾರ್ಯವನ್ನು ಹೇಳಿದನು; ಹೆಜ್ಜೆಹೆಜ್ಜೆಗೂ ಕಾವಲು ಹಾಕಲಿಲ್ಲ. ಯಂತ್ರದ ಸದ್ದು ಕೆಟ್ಟಿತೆಂಬುದು ಮೊದಲು ತಿಳಿಯುವುದು ಅದರ ಬಳಿ ನಿಂತವನಿಗೆ. ಅವನ ಬಾಯಿ ಕಟ್ಟಿದ ಆಡಳಿತ ತನ್ನ ಕಣ್ಣನ್ನೇ ಕಟ್ಟಿಕೊಂಡಂತಲ್ಲವೆ?

ಕಾನೂನು ಇದನ್ನು ಮರೆತಿಲ್ಲ. ನೂರು ಮಂದಿ ಕಾರ್ಮಿಕರಿರುವ ಕಡೆ 'ಕಾರ್ಯ ಸಮಿತಿ' ರಚಿಸಲು 1947ರ ಕೈಗಾರಿಕಾ ವಿವಾದಗಳ ಕಾಯಿದೆ ದಾರಿ ಮಾಡಿತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಅದನ್ನು ಉಳಿಸಿಕೊಂಡಿತು. ಉದ್ಯಮದ ಆಡಳಿತದಲ್ಲಿ ಕಾರ್ಮಿಕರು ಪಾಲ್ಗೊಳ್ಳಲೆಂದು 1976ರಲ್ಲಿ ಸಂವಿಧಾನಕ್ಕೆ 43ಎ ವಿಧಿ ಸೇರಿತು. ಆದರೆ ಸಮಿತಿಯ ಕೆಲಸ ಸೌಹಾರ್ದ ಬೆಳೆಸುವುದು, ಅಭಿಪ್ರಾಯ ಹೇಳುವುದು ಇಷ್ಟೇ. ಹೇಳುವ ಹಕ್ಕು ದೊರೆಯಿತು. ಕೇಳುವ ಕಿವಿಯನ್ನು ಯಾವ ಕಾಯಿದೆ ಕೊಟ್ಟೀತು?

ಕಾರ್ಮಿಕರಿಗೆ ಆಡಳಿತ ತಿಳಿಯದೆಂಬ ಮಾತೂ ಪೂರ್ತಿ ನಿಜವಲ್ಲ. ಕಾಫಿ ಮಂಡಳಿಯು ತನ್ನ ಕಾಫಿ ಹೌಸುಗಳನ್ನು ಮುಚ್ಚಹೊರಟಾಗ, ಎ. ಕೆ. ಗೋಪಾಲನ್‌ರ ಪ್ರೇರಣೆಯಿಂದ ನೌಕರರು 1957ರಲ್ಲಿ ಬೆಂಗಳೂರಿನಲ್ಲಿ ಸಹಕಾರ ಸಂಘ ಕಟ್ಟಿದರು. ತಟ್ಟೆ ಹಿಡಿದ ಕೈಗಳೇ ಲೆಕ್ಕದ ಪುಸ್ತಕವನ್ನೂ ಹಿಡಿದವು. ಅಲ್ಲಿ ಅಂಕೆ ಅಳಿಯಲಿಲ್ಲ, ಹಂಚಿಕೆಯಾಯಿತು.

ಎಲ್ಲ ಗಿರಣಿಗಳೂ ಸಹಕಾರ ಸಂಘಗಳಾಗಲೆಂದು ನಾನು ಹೇಳುತ್ತಿಲ್ಲ. ನನ್ನ ಮಾತು ನಮ್ಮವರಿಗೇ. ನಮ್ಮ ಮನೆತನದಲ್ಲಿ ಪದವಿಯ ತನಕ ಬಂದವನು ನಾನೇ ಮೊದಲಿಗ. ನನ್ನಂಥವರು ಈ ಕಾಲೇಜಿನಲ್ಲಿ ಅನೇಕರು. ನಾಳೆ ನಮ್ಮಲ್ಲಿ ಕೆಲವರು ಮೇಜಿನ ಆಚೆಯ ಕುರ್ಚಿಯಲ್ಲಿ ಕುಳಿತಾರು. ಎದುರು ನಿಲ್ಲುವವರು ನಮ್ಮ ತಂದೆ, ಅಣ್ಣಂದಿರಂಥವರೇ. ಅಪ್ಪಣೆ ಕೊಡುವ ಮೊದಲು ಅವರನ್ನೊಮ್ಮೆ ಕೇಳೋಣ. ಅವರ ಸಲಹೆಯನ್ನು ಒಪ್ಪದಿದ್ದರೆ ಕಾರಣವನ್ನಾದರೂ ಹೇಳೋಣ. ಹಾಗೆ ಮಾಡದಿದ್ದರೆ ನಮ್ಮ ಪದವಿಯಿಂದ ಕುರ್ಚಿಗೆ ಹೊಸ ಮನುಷ್ಯ ಬಂದಾನು, ಹೊಸ ಆಡಳಿತ ಬಾರದು.