ಬಿಟ್ಟು ಹೋದವನನ್ನು ಬೈಯುವ ಮೊದಲು

ಅಮೆರಿಕದ ಕಾಲೇಜು ಫುಟ್‌ಬಾಲ್ ಅಭಿಮಾನಿಗಳಿಗೆ ಆಗಸ್ಟ್ ತಿಂಗಳೆಂದರೆ ನಮಗೆ ಐಪಿಎಲ್ ಹರಾಜು ಮುಗಿದ ಮಾರನೇ ದಿನವಿದ್ದಂತೆ. ಒಂದು ಪಂದ್ಯವೂ ನಡೆದಿರುವುದಿಲ್ಲ, ಆದರೆ ಎಲ್ಲರ ತಂಡವೂ ಕಾಗದದ ಮೇಲೆ ಗೆದ್ದಾಗಿರುತ್ತದೆ. ಹೊಸ ಕ್ವಾರ್ಟರ್‌ಬ್ಯಾಕ್ ಹೇಗೆ, ಹೋದ ವರ್ಷ ಮೊಣಕಾಲು ಮುರಿದುಕೊಂಡವನು ವಾಪಸ್ ಬಂದನೇ, ಮೊದಲ ನಾಲ್ಕು ಪಂದ್ಯಗಳಲ್ಲಿ ಎಷ್ಟು ಗೆಲ್ಲಬಹುದು, ಇದೇ ಮಾತು. ಪುಣೆಯಲ್ಲಿ ಕೂತು ಹಲವು ವರ್ಷಗಳಿಂದ ಅಮೆರಿಕದ ತಂಡಗಳ ಜೊತೆ ಪ್ರಾಜೆಕ್ಟ್ ನಡೆಸುವ ನನ್ನಂಥವನಿಗೆ ಇದು ಬಾಯಿಪಾಠ. ನಮ್ಮ ಸಂಜೆ, ಅವರ ಬೆಳಗ್ಗೆ. ಸ್ಟೇಟಸ್ ಕಾಲ್‌ನ ಮೊದಲ ಹತ್ತು ನಿಮಿಷ ಫುಟ್‌ಬಾಲಿಗೇ ಮೀಸಲು. ಪ್ರಾಜೆಕ್ಟ್ ಕೆಂಪು ಬಣ್ಣದಲ್ಲಿದ್ದರೂ ಅಷ್ಟೇ.

ಈ ಹರಟೆಯ ಬಗ್ಗೆ ನನ್ನ ತಕರಾರಿಲ್ಲ. ಭವಿಷ್ಯ ಹೇಳುವುದರಲ್ಲಿ ಅವರೆಲ್ಲ ಸೋಲುತ್ತಾರೆ, ಅದೇ ಅದರ ಚಂದ. 2022ರಲ್ಲಿ ಟಿಸಿಯು ತಂಡ ತನ್ನ ಹತ್ತು ತಂಡಗಳ ಕೂಟದಲ್ಲಿ ಏಳನೆಯದಾಗುತ್ತದೆ ಎಂದು ಪತ್ರಕರ್ತರು ಅಂದಾಜು ಮಾಡಿದ್ದರು. ಅದು ರಾಷ್ಟ್ರೀಯ ಫೈನಲ್‌ಗೆ ಹೋಯಿತು. (ಅಲ್ಲಿ ಜಾರ್ಜಿಯಾ ಎದುರು 65-7ರಿಂದ ಸೋತಿತು, ಆ ಮಾತು ಬೇರೆ.) 2024ರಲ್ಲಿ ಫ್ಲೋರಿಡಾ ಸ್ಟೇಟ್ ಋತುವಿಗೆ ಮೊದಲು ದೇಶದ ಹತ್ತನೇ ತಂಡ. ಮುಗಿಯುವಾಗ ಎರಡು ಗೆಲುವು, ಹತ್ತು ಸೋಲು. ಹೀಗೆ ತಪ್ಪುವುದು ಗೊತ್ತಿದ್ದೂ ಮತ್ತೆ ಆಗಸ್ಟ್‌ನಲ್ಲಿ ಕೂತು ಲೆಕ್ಕ ಹಾಕುವವರನ್ನು, ಹದಿನೆಂಟು ಸಲ 'ಈ ಸಲ ಕಪ್ ನಮ್ದೇ' ಎಂದು ಹೇಳಿ 2025ರಲ್ಲಿ ಕೊನೆಗೂ ಕಪ್ ನೋಡಿದ ನಾವು ನಗುವ ಹಾಗಿಲ್ಲ.

ನನ್ನ ತಕರಾರಿರುವುದು ಈ ಹರಟೆಯ ನಡುವೆ ಈಚಿನ ವರ್ಷಗಳಲ್ಲಿ ತಪ್ಪದೇ ಬರುವ ಒಂದು ವಾಕ್ಯದ ಬಗ್ಗೆ. ಯಾರು ಬಂದರು, ಯಾರು ಹೋದರು ಎಂದು ಪಟ್ಟಿ ಓದುತ್ತಾ ಹೋದಂತೆ ಯಾರೋ ಒಬ್ಬರು ನಿಟ್ಟುಸಿರು ಬಿಡುತ್ತಾರೆ. ಈಗಿನ ಹುಡುಗರಿಗೆ ನಿಷ್ಠೆಯೇ ಇಲ್ಲ. ದುಡ್ಡು ಕಂಡ ಕಡೆ ಓಡುತ್ತಾರೆ. ನಮ್ಮ ಕಾಲದಲ್ಲಿ ಹೀಗಿರಲಿಲ್ಲ. ಎಲ್ಲರೂ ತಲೆಯಾಡಿಸುತ್ತಾರೆ.

ನಾನು ತಲೆಯಾಡಿಸುವುದಿಲ್ಲ. ಯಾಕೆಂದರೆ ಅವರ ಆ ಕಾಲ ಹೇಗಿತ್ತು ಎಂದು ಸ್ವಲ್ಪ ಓದಿಕೊಂಡಿದ್ದೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದು ನಮ್ಮ ಕಾಲ್ಚೆಂಡಲ್ಲ, ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ನುಗ್ಗುವ ಆಟ. ಆಡುವವರು ವಿಶ್ವವಿದ್ಯಾಲಯದ ಹುಡುಗರು, ಹದಿನೆಂಟರಿಂದ ಇಪ್ಪತ್ತಮೂರರ ಆಸುಪಾಸು. ನೋಡುವವರು? ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ 1,07,601 ಜನ ಕೂರಬಹುದು. ಟಿಕೆಟ್, ಟಿವಿ, ಜೆರ್ಸಿ, ಹಳೆ ವಿದ್ಯಾರ್ಥಿಗಳ ದೇಣಿಗೆ, ಹಣ ಎಲ್ಲ ಕಡೆಯಿಂದ ಹರಿಯುತ್ತದೆ. ಬಹಳಷ್ಟು ರಾಜ್ಯಗಳಲ್ಲಿ ಸರ್ಕಾರಿ ಸಂಬಳ ಪಡೆಯುವವರ ಪೈಕಿ ಅತಿ ಹೆಚ್ಚು ಪಡೆಯುವವನು ರಾಜ್ಯಪಾಲನೂ ಅಲ್ಲ, ಕುಲಪತಿಯೂ ಅಲ್ಲ, ಕೋಚ್.

ಆಡುವ ಹುಡುಗನಿಗೆ ಸಿಗುತ್ತಿದ್ದದ್ದು ವಿದ್ಯಾರ್ಥಿವೇತನ. ಫೀಸು, ಹಾಸ್ಟೆಲ್, ಊಟ, ಪುಸ್ತಕ. ಅದೂ ಎಷ್ಟು ದಿನಕ್ಕೆ? 1973ರಲ್ಲಿ ಕಾಲೇಜು ಕ್ರೀಡೆಯ ನಿಯಂತ್ರಣ ಸಂಸ್ಥೆ ಎನ್‌ಸಿಎಎ, ಈ ವಿದ್ಯಾರ್ಥಿವೇತನ ಒಂದು ವರ್ಷದ್ದು ಮಾತ್ರ, ಪ್ರತಿವರ್ಷ ನವೀಕರಿಸಬೇಕು ಎಂದು ನಿಯಮ ಮಾಡಿತು. ಕೋಚ್‌ಗೆ ಬೇಡವೆನಿಸಿದರೆ ನವೀಕರಣವಿಲ್ಲ. ಒಂದಕ್ಕಿಂತ ಹೆಚ್ಚು ವರ್ಷದ ಭರವಸೆ ಕೊಡಲು ಮತ್ತೆ ಅವಕಾಶವಾದದ್ದು 2012ರಲ್ಲಿ. ಅಂದರೆ ಸುಮಾರು ನಲವತ್ತು ವರ್ಷ, ವಿಶ್ವವಿದ್ಯಾಲಯದ ನಿಷ್ಠೆಯ ಅವಧಿ ಹನ್ನೆರಡು ತಿಂಗಳು.

ಹುಡುಗನೇ ಬಿಡಬೇಕೆಂದರೆ? ಫುಟ್‌ಬಾಲಿನಲ್ಲಿ ಒಂದು ದೊಡ್ಡ ತಂಡದಿಂದ ಇನ್ನೊಂದಕ್ಕೆ ಹೋದವನು ಒಂದು ಇಡೀ ಋತು ಆಡದೆ ಹೊರಗೆ ಕೂರಬೇಕಿತ್ತು. ಅಷ್ಟೇ ಅಲ್ಲ, 2018ರ ತನಕ ಬೇರೆ ವಿಶ್ವವಿದ್ಯಾಲಯದ ಜೊತೆ ಮಾತಾಡುವುದಕ್ಕೂ ಈಗಿರುವ ವಿಶ್ವವಿದ್ಯಾಲಯದ ಅನುಮತಿ ಬೇಕಿತ್ತು. ಇಂಥಿಂಥ ಕಡೆ ಹೋಗಕೂಡದು ಎಂದು ಅವರು ತಡೆಯಬಹುದಿತ್ತು. ರಿಲೀವಿಂಗ್ ಲೆಟರ್‌ಗಾಗಿ ಎಚ್‌ಆರ್ ಬಾಗಿಲಲ್ಲಿ ನಿಂತವರಿಗೆ ಇದನ್ನು ವಿವರಿಸಬೇಕಿಲ್ಲ. 2018ರ ಅಕ್ಟೋಬರ್‌ನಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಬಂತು, 2021ರಲ್ಲಿ ಒಂದು ಸಲಕ್ಕೆ ಹೊರಗೆ ಕೂರುವ ಶಿಕ್ಷೆ ತಪ್ಪಿತು, 2024ರಲ್ಲಿ ಓದಿನ ಅರ್ಹತೆಯಿದ್ದರೆ ಎಷ್ಟು ಸಲವಾದರೂ ಹೋಗಬಹುದೆಂದಾಯಿತು. ಇದನ್ನೇ ನಿಷ್ಠೆಯ ಸಾವು ಅನ್ನುತ್ತಿದ್ದಾರೆ. ಬೀಗ ಹಾಕಿದ ಮನೆಯೊಳಗಿದ್ದವನು ಹೊರಗೆ ಹೋಗಲಿಲ್ಲ ಎಂಬುದನ್ನು ನಿಷ್ಠೆ ಎಂದು ಕರೆಯುತ್ತಿದ್ದವರು ಇವರು.

ಈಗ ಕೋಚ್‌ಗಳ ಕಡೆ ಬನ್ನಿ. 2021ರ ನವೆಂಬರ್ ಕೊನೆಯಲ್ಲಿ ಬ್ರಯನ್ ಕೆಲ್ಲಿ ನೋತ್ರ್ ಡೇಮ್ ತಂಡವನ್ನು ಬಿಟ್ಟು ಲೂಸಿಯಾನಾದ ಎಲ್‌ಎಸ್‌ಯುಗೆ ಹೋದ. ಆ ಹೊತ್ತಿಗೆ ಅವನ ತಂಡ ಹನ್ನೆರಡರಲ್ಲಿ ಹನ್ನೊಂದು ಗೆದ್ದಿತ್ತು, ರಾಷ್ಟ್ರೀಯ ಪ್ಲೇಆಫ್‌ಗೆ ಆಯ್ಕೆಯಾಗುವ ಆಸೆ ಇನ್ನೂ ಜೀವಂತವಿತ್ತು. ಹತ್ತು ವರ್ಷ, 9.5 ಕೋಟಿ ಡಾಲರ್ ಒಪ್ಪಂದ. 2025ರ ಅಕ್ಟೋಬರ್‌ನಲ್ಲಿ ಎಲ್‌ಎಸ್‌ಯು ಅವನನ್ನು ತೆಗೆದುಹಾಕಿತು. ಅವನ ಜಾಗಕ್ಕೆ ಬಂದವನು ಲೇನ್ ಕಿಫಿನ್. ಕಿಫಿನ್ ಎಲ್ಲಿಂದ ಬಂದ? ಓಲ್ ಮಿಸ್‌ನಿಂದ. ಯಾವಾಗ? 2025ರ ನವೆಂಬರ್ 30ಕ್ಕೆ, ಆ ತಂಡವೂ ಹನ್ನೊಂದು ಗೆದ್ದು ತನ್ನ ಚರಿತ್ರೆಯಲ್ಲಿ ಮೊದಲ ಬಾರಿಗೆ ಪ್ಲೇಆಫ್ ಬಾಗಿಲಲ್ಲಿ ನಿಂತಿದ್ದಾಗ. ಹುಡುಗರು ಬೇರೊಬ್ಬ ಕೋಚ್ ಜೊತೆ ಪ್ಲೇಆಫ್ ಆಡಿದರು. ಟೆಕ್ಸಸ್ ಎ ಅಂಡ್ ಎಂ 2023ರಲ್ಲಿ ಜಿಂಬೊ ಫಿಷರ್‌ನನ್ನು ತೆಗೆಯುವಾಗ ಒಪ್ಪಂದದ ಪ್ರಕಾರ ಅವನಿಗೆ ಕೊಡಬೇಕಾದ ಮೊತ್ತ ಸುಮಾರು 7.6 ಕೋಟಿ ಡಾಲರ್. ಕೆಲಸ ಮಾಡದೇ ಇರುವುದಕ್ಕೆ!

ಕಿಫಿನ್‌ನನ್ನು ಓಲ್ ಮಿಸ್ ಊರಿನವರು ಬೈದರು ನಿಜ. ಆದರೆ ಒಬ್ಬ ಕೋಚ್ ಹೋದಾಗ ಬೈಗುಳ ಆ ಒಬ್ಬನಿಗೆ. ಒಬ್ಬ ಹುಡುಗ ಹೋದಾಗ ಬೈಗುಳ ಇಡೀ ತಲೆಮಾರಿಗೆ. ಕೋಚ್ ಹೋದರೆ ಅದು ವೃತ್ತಿಯ ಹೆಜ್ಜೆ, ಹುಡುಗ ಹೋದರೆ ಸಂಸ್ಕಾರದ ಕೊರತೆ.

ವಿಶ್ವವಿದ್ಯಾಲಯಗಳೇ ಏನು ಮಾಡಿದವು ನೋಡಿ. ಪೆಸಿಫಿಕ್ ಕರಾವಳಿಯ ಪ್ಯಾಕ್-12 ಎಂಬ ಹಳೆಯ ಕೂಟ ಟಿವಿ ಹಣದ ಲೆಕ್ಕದಲ್ಲಿ 2024ಕ್ಕೆ ಚೂರಾಯಿತು. ಲಾಸ್ ಏಂಜಲೀಸಿನ ಯುಸಿಎಲ್‌ಎ ಈಗ ಬಿಗ್ ಟೆನ್ ಕೂಟದಲ್ಲಿದೆ. ಅದೇ ಕೂಟದಲ್ಲಿ ಇನ್ನೊಂದು ಕರಾವಳಿಯ ನ್ಯೂಜೆರ್ಸಿಯ ರಟ್ಗರ್ಸ್ ಇದೆ. ಹೆಸರು ಬಿಗ್ ಟೆನ್, ಸದಸ್ಯರು 18. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಸೇರಿದ್ದು ಅಟ್ಲಾಂಟಿಕ್ ಕೋಸ್ಟ್ ಕೂಟಕ್ಕೆ. ಭೂಗೋಳದ ಮೇಷ್ಟ್ರು ಕೇಳಿದರೆ ಕಿವಿ ಹಿಂಡುತ್ತಿದ್ದರು. ಒಕ್ಲಹೋಮಾ ಮತ್ತು ಒಕ್ಲಹೋಮಾ ಸ್ಟೇಟ್ 1910ರಿಂದ ಪ್ರತಿವರ್ಷ ಆಡುತ್ತಿದ್ದ ಪಂದ್ಯ 2023ಕ್ಕೆ ನಿಂತುಹೋಯಿತು, ಒಕ್ಲಹೋಮಾ ಹೆಚ್ಚು ಹಣದ ಕೂಟಕ್ಕೆ ಹೋದದ್ದರಿಂದ. ಅಜ್ಜ, ಅಪ್ಪ, ಮಗ ಮೂರು ತಲೆಮಾರು ಒಟ್ಟಿಗೆ ಕೂತು ನೋಡುತ್ತಿದ್ದ ಪಂದ್ಯವದು. ಅದನ್ನು ಮುರಿದದ್ದು ಹತ್ತೊಂಬತ್ತು ವರ್ಷದ ಯಾವ ಹುಡುಗನೂ ಅಲ್ಲ.

ಟೆನೆಸ್ಸಿಯ ನಾಕ್ಸ್‌ವಿಲ್‌ನಲ್ಲಿ ಓದಿದ ಸಹೋದ್ಯೋಗಿಯೊಬ್ಬ ನಿಕೊ ಇಯಾಮಲಿಯಾವ ಎಂಬ ಹೆಸರು ಕೇಳಿದರೆ ಈಗಲೂ ಕೆಂಪಾಗುತ್ತಾನೆ. ನಿಕೊ ಅವರ ಕ್ವಾರ್ಟರ್‌ಬ್ಯಾಕ್. 2024ರಲ್ಲಿ ತಂಡವನ್ನು ಪ್ಲೇಆಫ್‌ಗೆ ಕರೆದೊಯ್ದವನು. 2025ರ ಏಪ್ರಿಲ್‌ನಲ್ಲಿ, ಸಂಭಾವನೆಯ ಬಗ್ಗೆ ಜಗ್ಗಾಟ ನಡೆದಿದೆ ಎಂಬ ವರದಿಗಳ ನಡುವೆ, ಅಭ್ಯಾಸಕ್ಕೆ ಬರಲಿಲ್ಲ. ಟೆನೆಸ್ಸಿ ಅವನನ್ನು ಬಿಟ್ಟು ಮುಂದೆ ಹೋಯಿತು, ಅವನು ಯುಸಿಎಲ್‌ಎ ಸೇರಿದ. ದ್ರೋಹಿ ಎಂದು ಊರೆಲ್ಲ ಕೂಗಿತು. ಅವನ ಊರು ಲಾಸ್ ಏಂಜಲೀಸ್ ಪಕ್ಕದ ಲಾಂಗ್ ಬೀಚ್, ಅಂದರೆ ಹುಡುಗ ವಾಪಸ್ ಮನೆಗೆ ಹೋದ ಎಂಬುದು ಯಾರಿಗೂ ಬೇಡವಾಯಿತು.

ಕತೆ ಅಲ್ಲಿಗೆ ಮುಗಿಯಲಿಲ್ಲ. ಟೆನೆಸ್ಸಿಗೆ ಕ್ವಾರ್ಟರ್‌ಬ್ಯಾಕ್ ಬೇಕಾಯಿತಲ್ಲ? ಜೋಯಿ ಅಗಿಲಾರ್ ಎಂಬುವನನ್ನು ತಂದರು. ಎಲ್ಲಿಂದ? ಯುಸಿಎಲ್‌ಎಯಿಂದಲೇ! ಕೆಲವೇ ತಿಂಗಳ ಹಿಂದೆ ಅಪಲಾಚಿಯನ್ ಸ್ಟೇಟ್ ಬಿಟ್ಟು ಅಲ್ಲಿ ಸೇರಿಕೊಂಡಿದ್ದವನು. ಅವನು ನಾಕ್ಸ್‌ವಿಲ್‌ನಲ್ಲಿ ದ್ರೋಹಿಯಾಗಲಿಲ್ಲ, ಆಪದ್ಬಾಂಧವನಾದ. ಅಂದಹಾಗೆ ಟೆನೆಸ್ಸಿಯ ಕೋಚ್ ಜೋಶ್ ಹ್ಯೂಪಲ್ ಕೂಡ 2021ರಲ್ಲಿ ಇನ್ನೊಂದು ವಿಶ್ವವಿದ್ಯಾಲಯವನ್ನು ಬಿಟ್ಟು ಬಂದವನೇ. ಇದನ್ನು ಆ ಸಹೋದ್ಯೋಗಿಗೆ ಹೇಳಿದೆ. ಅವನು ವಿಷಯ ಬದಲಿಸಿ ಡಿಫೆಕ್ಟ್ ಪಟ್ಟಿ ತೆರೆದ.

ಇದರಲ್ಲಿ ನಮಗೇನು ಎಂದು ಕೇಳುವವರಿಗೆ. ನಮ್ಮ ಕರುಣ್ ನಾಯರ್ ಅನ್ನು ನೆನಪಿಸಿಕೊಳ್ಳಿ. 2015ರ ರಣಜಿ ಫೈನಲ್‌ನಲ್ಲಿ ತಮಿಳುನಾಡು ವಿರುದ್ಧ 328, 2016ರಲ್ಲಿ ಚೆನ್ನೈ ಟೆಸ್ಟಿನಲ್ಲಿ ಔಟಾಗದೆ 303. ಮುಂದೆ ಕರ್ನಾಟಕದ ತಂಡದಲ್ಲೇ ಜಾಗವಿಲ್ಲದಾಯಿತು. ಅವರು 2023ರಲ್ಲಿ ವಿದರ್ಭಕ್ಕೆ ಹೋದರು. 2024-25ರ ರಣಜಿಯಲ್ಲಿ 863 ರನ್ ಹೊಡೆದು ವಿದರ್ಭಕ್ಕೆ ಕಪ್ ಗೆಲ್ಲಿಸಲು ನೆರವಾದರು. ಮತ್ತೆ ಭಾರತ ತಂಡಕ್ಕೆ ಬಂದರು, ಮತ್ತೆ ಕರ್ನಾಟಕಕ್ಕೆ ಮರಳಿದರು. ಆ ಎರಡು ವರ್ಷ ಅವರು ಬೆಂಗಳೂರಿನಲ್ಲೇ ಅವಕಾಶಕ್ಕೆ ಕಾದು ಕೂತಿದ್ದರೆ ನಿಷ್ಠಾವಂತರು ಎಂಬ ಬಿರುದು ಸಿಗುತ್ತಿತ್ತೇನೋ. ಬ್ಯಾಟ್ ಹಿಡಿಯಲು ಜಾಗ ಸಿಗುತ್ತಿತ್ತೇ?

ಇನ್ನು ಇದನ್ನು ಓದುತ್ತಿರುವ ನಾವು. ಪುಣೆ, ಹೈದರಾಬಾದ್, ಚೆನ್ನೈ, ದೆಹಲಿಯಲ್ಲಿ ಕೂತಿರುವ ಎಲ್ಲರಿಗೂ ಹಬ್ಬಕ್ಕೆ ಊರಿಗೆ ಹೋದಾಗ ಯಾರಾದರೂ ಒಬ್ಬರು ಹೇಳೇ ಹೇಳುತ್ತಾರೆ: ಬಿಡಪ್ಪಾ, ನೀವೆಲ್ಲ ಊರು ಬಿಟ್ಟವರು. ಊರಲ್ಲಿ ನಮ್ಮ ಓದಿಗೆ ತಕ್ಕ ಕೆಲಸ ಇತ್ತೇ ಎಂದು ಅವರು ಕೇಳಿಕೊಳ್ಳುವುದಿಲ್ಲ. ಆಫೀಸಿನಲ್ಲೂ ಇದೇ ರಾಗ. ತೊಂಬತ್ತು ದಿನದ ನೋಟಿಸ್ ಕೊಟ್ಟು, ಎಲ್ಲ ಹಸ್ತಾಂತರಿಸಿ ಹೋಗುವ ಹುಡುಗಿಗೆ ಕಮಿಟ್‌ಮೆಂಟ್ ಇಲ್ಲ ಅನ್ನುತ್ತಾರೆ. ಅದೇ ಕ್ಲೈಂಟ್ ಬಜೆಟ್ ಕಡಿಮೆ ಮಾಡಿದ ದಿನ ಹದಿನೈದು ನಿಮಿಷದ ಮೀಟಿಂಗ್‌ನಲ್ಲಿ ಎಂಟು ಜನರ ಲ್ಯಾಪ್‌ಟಾಪ್ ವಾಪಸ್ ಪಡೆದರೆ ಅದಕ್ಕೆ ರೈಟ್‌ಸೈಸಿಂಗ್ ಎಂಬ ಚಂದದ ಹೆಸರು. ಈ ಪಾಠ ಕಲಿತ ನಾವೇ ಶನಿವಾರ ಟಿವಿ ಮುಂದೆ ಕೂತು, ಅಮೆರಿಕನ್ ಗೆಳೆಯರ ಜೊತೆ ಸೇರಿ, ಆಟಗಾರ ಹುಡುಗನ ನಿಷ್ಠೆಯ ಬಗ್ಗೆ ಭಾಷಣ ಮಾಡುವುದು ನನಗೆ ಸಹಿಸದ ಸಂಗತಿ.

ಬಿಟ್ಟು ಹೋದವರೆಲ್ಲ ಮರೆತು ಹೋದವರೂ ಅಲ್ಲ. ಜೋ ಬರೋ ಒಹಾಯೊದ ಆಥೆನ್ಸ್ ಕೌಂಟಿಯಲ್ಲಿ ಬೆಳೆದವನು. ಒಹಾಯೊ ಸ್ಟೇಟ್‌ನಲ್ಲಿ ಆಡಲು ಜಾಗ ಸಿಗಲಿಲ್ಲ. ಅಲ್ಲೇ ಪದವಿ ಮುಗಿಸಿ 2018ರಲ್ಲಿ ಎಲ್‌ಎಸ್‌ಯುಗೆ ಹೋದ. 2019ರಲ್ಲಿ ತಂಡ ಹದಿನೈದಕ್ಕೆ ಹದಿನೈದೂ ಗೆದ್ದಿತು, ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ ಅವನಿಗೆ ಬಂತು. ವೇದಿಕೆ ಮೇಲೆ ನಿಂತು ಅವನು ಮಾತಾಡಿದ್ದರಲ್ಲಿ ತನ್ನ ಊರಿನ ಬಡತನದ ಬಗ್ಗೆ, ಶಾಲೆಯಿಂದ ಮನೆಗೆ ಹೋದರೆ ಊಟವಿರದ ಮಕ್ಕಳ ಬಗ್ಗೆಯೂ ಇತ್ತು. ಆ ಮಾತು ಕೇಳಿದ ಜನ ಅಲ್ಲಿನ ಆಹಾರ ಭಂಡಾರಕ್ಕೆ ಐದು ಲಕ್ಷ ಡಾಲರಿಗೂ ಹೆಚ್ಚು ಕೊಟ್ಟರು. ಹುಡುಗ ಲೂಸಿಯಾನಾದ ತಂಡದಲ್ಲಿದ್ದ, ಒಹಾಯೊ ಅವನ ಬಾಯಲ್ಲಿತ್ತು.

ಅಭಿಮಾನಿಗಳ ದೂರಿನಲ್ಲಿ ಒಂದು ಅಂಶ ಸರಿಯಿದೆ, ಅದನ್ನು ಒಪ್ಪುತ್ತೇನೆ. ಪ್ರತಿವರ್ಷ ಅರ್ಧ ತಂಡ ಹೊಸದಾದರೆ ಆಗಸ್ಟ್‌ನಲ್ಲಿ ಮಾತಾಡುವುದಾದರೂ ಯಾರ ಬಗ್ಗೆ? ಮೊದಲ ವರ್ಷ ಬೆಂಚಿನಲ್ಲಿದ್ದವನು ಮೂರನೇ ವರ್ಷ ನಾಯಕನಾಗುವುದನ್ನು ನೋಡುವ ಸುಖ ದೊಡ್ಡದು. ಅದು ಕಡಿಮೆಯಾಗಿದೆ. ಪೋರ್ಟಲ್‌ಗೆ ಹೆಸರು ಕೊಟ್ಟ ಎಷ್ಟೋ ಹುಡುಗರಿಗೆ ಮತ್ತೆ ತಂಡವೇ ಸಿಗುವುದಿಲ್ಲ ಎಂಬುದೂ ನಿಜ. ಕೆಲವರನ್ನು ಕೋಚ್‌ಗಳೇ, ನಿನಗಿಲ್ಲಿ ಅವಕಾಶ ಕಷ್ಟ ಎಂದು ಮೆಲ್ಲಗೆ ಬಾಗಿಲ ಕಡೆ ತಳ್ಳುತ್ತಾರೆ ಎಂಬುದೂ ನಿಜ.

ಆದರೆ ಇದಕ್ಕೆ ಮದ್ದು ಹಳೆಯ ಬೀಗವಲ್ಲ. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು, ಚಿತ್ರ ಬಳಸಿ ಜಾಹೀರಾತಿನ ಹಣ ಪಡೆಯಬಹುದು. 2025ರ ಜುಲೈಯಿಂದ, ನ್ಯಾಯಾಲಯದ ಒಪ್ಪಂದವೊಂದರಂತೆ, ವಿಶ್ವವಿದ್ಯಾಲಯವೇ ತನ್ನ ಕ್ರೀಡಾಪಟುಗಳಿಗೆ ಹಣ ಹಂಚಬಹುದು; ಮೊದಲ ವರ್ಷ ಎಲ್ಲರಿಗೂ ಸೇರಿ ಸುಮಾರು 2.05 ಕೋಟಿ ಡಾಲರ್ ತನಕ ಹಂಚಬಹುದಿತ್ತು. ಹಣ ಕೊಡುತ್ತಾರೆ, ಆದರೆ ನೌಕರ ಎಂದು ಮಾತ್ರ ಒಪ್ಪುವುದಿಲ್ಲ. ನೌಕರನಲ್ಲದವನಿಗೆ ಸಂಘವಿಲ್ಲ, ಸಂಘವಿಲ್ಲದೆ ಎರಡೂ ಕಡೆ ಬಿಗಿಯಾಗಿ ಕಟ್ಟುವ ಒಪ್ಪಂದವಿಲ್ಲ. ವೃತ್ತಿಪರರ ಎನ್‌ಎಫ್‌ಎಲ್‌ನಲ್ಲಿ ಆಟಗಾರರ ಸಂಘ ಮಾಲೀಕರ ಜೊತೆ ಕೂತು ನಿಯಮ ಮಾಡಿದೆ. ಅಲ್ಲಿನ ಅಭಿಮಾನಿಗೆ ತನ್ನ ಕ್ವಾರ್ಟರ್‌ಬ್ಯಾಕ್‌ನ ಒಪ್ಪಂದ ಎಷ್ಟು ವರ್ಷದ್ದು ಎಂದು ಗೊತ್ತಿರುತ್ತದೆ. ಕಾಲೇಜು ಅಭಿಮಾನಿಗೂ ಅದೇ ನೆಮ್ಮದಿ ಬೇಕಿದ್ದರೆ ಕೇಳಬೇಕಾದದ್ದು ಹುಡುಗನನ್ನಲ್ಲ, ಅವನಿಗೆ ಮೂರು ವರ್ಷದ ಒಪ್ಪಂದ ಬರೆದುಕೊಡಲು ಒಲ್ಲದ ವಿಶ್ವವಿದ್ಯಾಲಯವನ್ನು. ಸೀಸನ್ ಟಿಕೆಟ್ ಕೊಳ್ಳುವವನು ಈ ಅಭಿಮಾನಿಯೇ, ಹಳೆ ವಿದ್ಯಾರ್ಥಿಯಾಗಿ ವರ್ಷವರ್ಷ ದೇಣಿಗೆ ಚೆಕ್ ಬರೆಯುವವನೂ ಇವನೇ. ಅವನ ಪತ್ರವನ್ನು ಅಲ್ಲಿ ಓದದೆ ಇರುವುದಿಲ್ಲ.