ಬೂದು ಸ್ಕ್ರೂ, ಬಿಳಿ ಸ್ಕ್ರೂ

ಹಲ್ಲು ಕಟ್ಟಿಸಿಕೊಳ್ಳಲು ಹೋದವರಿಗೆ ಈಗ ಹೊಸ ಪ್ರಶ್ನೆ ಎದುರಾಗುತ್ತಿದೆ: ದವಡೆಗೆ ಟೈಟಾನಿಯಂ ಇಂಪ್ಲಾಂಟ್ ಹಾಕಿಸಬೇಕೋ, ಜಿರ್ಕೋನಿಯಾದ್ದೋ? ಜಿರ್ಕೋನಿಯಾ ‘ಲೋಹರಹಿತ’ ಎಂಬ ಜಾಹೀರಾತಿಗೆ ಮರುಳಾಗುವ ಮುನ್ನ ಸ್ವಲ್ಪ ಹಿನ್ನೆಲೆ ತಿಳಿದಿರಲಿ. ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೋನಮಾರ್ಕ್ 1950ರ ದಶಕದಲ್ಲಿ ಮೊಲದ ಕಾಲಿನ ಮೂಳೆಯೊಳಗೆ ಇರಿಸಿದ್ದ ಟೈಟಾನಿಯಂ ಉಪಕರಣವನ್ನು ಕೀಳಲು ಹೋದರೆ ಅದು ಬರಲೇ ಇಲ್ಲ. ಮೂಳೆ ಅದನ್ನು ಕಚ್ಚಿ ಹಿಡಿದಿತ್ತು. 1965ರಲ್ಲಿ ಮನುಷ್ಯನ ದವಡೆಗೂ ಅದೇ ಲೋಹ ಇಳಿಯಿತು. ಅಲ್ಲಿಂದೀಚಿನ ಅನುಭವವೆಲ್ಲ ಅದರ ಬೆನ್ನಿಗಿದೆ.

ಜಿರ್ಕೋನಿಯಾ ಬಿಳಿ. ಒಸಡು ತೆಳುವಾಗಿರುವವರ ಮುಂದಿನ ಹಲ್ಲಿನಲ್ಲಿ ಬೂದು ಛಾಯೆ ಇಣುಕದು, ಅದು ನಿಜವಾದ ಅನುಕೂಲವೇ. ಆದರೆ ಪಿಂಗಾಣಿ ಜಾತಿಯದು, ತೆಳುವಾದಲ್ಲಿ ಮುರಿಯಬಹುದು. ಹಲವು ಒಂದೇ ತುಂಡಿನವಾದ್ದರಿಂದ ಓರೆ ತಿದ್ದುವ ಅವಕಾಶವೂ ಕಡಿಮೆ. ಟೈಟಾನಿಯಂ ಅಲರ್ಜಿ ತೀರಾ ಅಪರೂಪ. ಅಗಿಯುವ ಹಲ್ಲಿಗೆ ಟೈಟಾನಿಯಮ್ಮೇ ಸಾಕು ಎಂಬುದು ನಮ್ಮ ಅಭಿಪ್ರಾಯ. ಬೀಡಿ-ಸಿಗರೇಟು, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ ಇದ್ದರೆ ಎರಡೂ ಭದ್ರವಲ್ಲ.

ಅಂದಹಾಗೆ, ಇಂಪ್ಲಾಂಟಿನ ಕಂಪನಿ ಹೆಸರು, ಅಳತೆ, ಲಾಟ್ ಸಂಖ್ಯೆ ಇರುವ ಸ್ಟಿಕ್ಕರನ್ನು ಕೇಳಿ ಪಡೆದು ಫೈಲಿನಲ್ಲಿಡಿ. ಮುಂದೆಂದೋ ಹಲ್ಲು ಸಡಿಲವಾದರೆ, ಬೇರೆ ಊರಿನ ವೈದ್ಯರು ಸರಿಹೊಂದುವ ಬಿಡಿಭಾಗ ತರಿಸಲು ಅದೇ ಬೇಕು.