ಶ್ರಾವಕನ ಕಿವಿ ಮತ್ತು ಬಸದಿಯ ಧ್ವನಿವರ್ಧಕ

ಶ್ರಾವಕ ಎಂಬ ಶಬ್ದದ ಮೂಲದಲ್ಲಿಯೇ ಕೇಳುವ ಕ್ರಿಯೆಯಿದೆ. ದಾನ ಕೊಡುವವನೆಂದಲ್ಲ, ಕಲಶ ಹಿಡಿಯುವವನೆಂದಲ್ಲ, ಕೇಳುವವನೆಂಬ ಹೆಸರನ್ನು ಪೂರ್ವಾಚಾರ್ಯರು ಜೈನ ಗೃಹಸ್ಥನಿಗೆ ಕೊಟ್ಟರು. ನಮ್ಮ ಅನೇಕ ಬಸದಿಗಳಲ್ಲಿ ಇಂದು ಆ ಹೆಸರಿಗೆ ತಕ್ಕಂತೆ ನಡೆಯುವುದೇ ದುಸ್ಸಾಧ್ಯವಾಗಿದೆ.

ಕಳೆದ ದಶಲಕ್ಷಣ ಪರ್ವದಲ್ಲಿ ಒಂದು ಶಿಲಾಮಯ ಬಸದಿಗೆ ಹೋಗಿದ್ದೆ. ಅಂದು ಉತ್ತಮ ಮಾರ್ದವದ ಪ್ರವಚನ. ನವರಂಗದ ಕಂಬಕಂಬಕ್ಕೂ ಧ್ವನಿವರ್ಧಕ. ಹೊರಗೆ ಬೀದಿಗೆ ಮುಖಮಾಡಿದ ಎರಡು ಬೇರೆ. ಕಲ್ಲಿನ ಗೋಡೆ ಧ್ವನಿಯನ್ನು ಹೀರಿಕೊಳ್ಳುವುದಿಲ್ಲ, ಹಿಂದಿರುಗಿಸುತ್ತದೆ. ಒಂದು ಅಕ್ಷರದ ಪ್ರತಿಧ್ವನಿ ಅಡಗುವ ಮೊದಲೇ ಇನ್ನೊಂದು ಅದರ ಮೇಲೆ ಬಿದ್ದು, ಪಂಡಿತರ ಮಾತೆಲ್ಲ ಬರಿಯ ಗುಡುಗಾಯಿತು. ಪಕ್ಕದಲ್ಲಿದ್ದ ವೃದ್ಧ ಮಾತೆಯೊಬ್ಬರು ಸೆರಗಿನಿಂದ ಕಿವಿ ಮುಚ್ಚಿಕೊಂಡು ಕುಳಿತಿದ್ದರು. ಮೃದುತ್ವದ ಉಪದೇಶಕ್ಕೆ ಎಂಥ ಸ್ವಾಗತ!

ದಿಗಂಬರ ಪರಂಪರೆಯ ಒಂದು ವೃತ್ತಾಂತವನ್ನು ಇಲ್ಲಿ ನೆನೆಯಬೇಕು. ಭಗವಾನ್ ಮಹಾವೀರರಿಗೆ ಕೇವಲಜ್ಞಾನವಾದ ಮೇಲೆ 66 ದಿನಗಳವರೆಗೆ ದಿವ್ಯಧ್ವನಿ ಹೊರಡಲಿಲ್ಲ. ಜ್ಞಾನದಲ್ಲಿ ಕೊರತೆಯಿರಲಿಲ್ಲ, ಅದನ್ನು ಗ್ರಹಿಸಬಲ್ಲ ಗಣಧರನಿರಲಿಲ್ಲ. ಇಂದ್ರಭೂತಿ ಗೌತಮ ಬಂದ ಮೇಲೆಯೇ ರಾಜಗೃಹದ ವಿಪುಲಾಚಲದಲ್ಲಿ ಆ ಧ್ವನಿ ಖಿರಿಯಿತು. ವೀರಶಾಸನ ಜಯಂತಿಯನ್ನು ಆಚರಿಸುವ ನಾವು ಇದರ ಅರ್ಥವನ್ನು ಯೋಚಿಸಿದ್ದೇವೆಯೇ? ತೀರ್ಥಂಕರರ ವಾಣಿಯೇ ಕೇಳುಗನಿಗಾಗಿ ಕಾದಿತ್ತು. ನಾವಾದರೋ ಕೇಳುಗರಿರಲಿ, ಇಲ್ಲದಿರಲಿ, ಬೆಳಗಿನ ಐದು ಗಂಟೆಗೇ ಧ್ವನಿಮುದ್ರಿತ ನಮಸ್ಕಾರ ಮಂತ್ರವನ್ನು ಊರಿನ ಮೇಲೆ ಬಿಡುತ್ತೇವೆ.

ವೈಶೇಷಿಕರು ಶಬ್ದವನ್ನು ಆಕಾಶದ ಗುಣವೆಂದರು. ತತ್ತ್ವಾರ್ಥಸೂತ್ರದ 5ನೆಯ ಅಧ್ಯಾಯವಾದರೋ ಅದನ್ನು ಪುದ್ಗಲದ ಪರ್ಯಾಯಗಳಲ್ಲಿ ಎಣಿಸಿತು. (ಇದರಿಂದ ವಿಜ್ಞಾನವೆಲ್ಲ ನಮ್ಮಲ್ಲೇ ಇತ್ತೆಂದು ಬೀಗುವ ಲೇಖನಗಳು ಬೇಕಾದಷ್ಟಿವೆ, ನನಗೆ ಆ ಹೆಮ್ಮೆ ಬೇಡ.) ಪುದ್ಗಲವೆಂದ ಮೇಲೆ ಅದು ತಾಗುತ್ತದೆ, ಆಘಾತವನ್ನೂ ಮಾಡುತ್ತದೆ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ನೀರು ಸೋಸಿ ಕುಡಿಯುವ ನಾವು ಪಂಚೇಂದ್ರಿಯ ಜೀವಿಯ ಒಂದು ಇಂದ್ರಿಯಕ್ಕಾಗುವ ಈ ಹಿಂಸೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಕಾನೂನು ಹೇಳುವುದೂ ಸ್ಪಷ್ಟವಾಗಿದೆ. 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ಡೆಸಿಬೆಲ್ 10 ಏರಿದರೆ ಧ್ವನಿಯ ತೀವ್ರತೆ ಹತ್ತು ಪಟ್ಟಾಗುತ್ತದೆ; 55ರಿಂದ 75ಕ್ಕೆ ಏರಿಸಿದ ಟ್ರಸ್ಟಿ ಸ್ವಲ್ಪ ಏರಿಸಿದಂತಲ್ಲ, ನೂರು ಪಟ್ಟು ಏರಿಸಿದಂತೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗಿನ ಧ್ವನಿವರ್ಧಕ ನಿಷಿದ್ಧ. ಇತರರ ಶಾಂತಿಯನ್ನು ಕೆಡಿಸಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ವಿಧಿಸಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2000ದಲ್ಲಿಯೇ ಹೇಳಿತು. ಭಾಷಾಸಮಿತಿಯನ್ನು ಬೋಧಿಸುವ ಸಮಾಜಕ್ಕೆ ಇದನ್ನು ನ್ಯಾಯಾಲಯ ಹೇಳಬೇಕಾಯಿತೆ?

“ಎಲ್ಲರೂ ಹಾಕುತ್ತಾರೆ, ಅಲ್ಪಸಂಖ್ಯಾತರಾದ ನಾವು ಸುಮ್ಮನಿದ್ದರೆ ನಮ್ಮ ಅಸ್ತಿತ್ವವೇ ತಿಳಿಯದು” ಎನ್ನುವವರಿದ್ದಾರೆ. ಶ್ರವಣಬೆಳಗೊಳದ ಗೊಮ್ಮಟಮೂರ್ತಿ ಸಾವಿರ ವರ್ಷಗಳಿಂದ ಮೌನವಾಗಿಯೇ ನಿಂತಿದೆ; ಅದರ ಅಸ್ತಿತ್ವ ಯಾರಿಗೆ ತಿಳಿದಿಲ್ಲ? ವೃದ್ಧರಿಗೆ ಕೇಳಿಸಬೇಕೆಂಬ ವಾದ ಮಾತ್ರ ನ್ಯಾಯವಾದುದು. ಅದಕ್ಕೆ ಅವರನ್ನು ಮುಂದೆ ಕೂರಿಸಿ, ಅವರ ಸಮೀಪ ಒಂದು ಚಿಕ್ಕ ಧ್ವನಿವರ್ಧಕವನ್ನು ತಗ್ಗಿಸಿ ಇಟ್ಟರೆ ಸಾಕು. ಬೀದಿಯ ಕಡೆಗಿರುವುದು ಯಾವ ವೃದ್ಧರಿಗಾಗಿ?

ಬರುವ ಪರ್ವದ ಮೊದಲೇ ಆಡಳಿತ ಮಂಡಳಿಗಳು ಹೊರಗಿನ ಧ್ವನಿವರ್ಧಕಗಳನ್ನು ಇಳಿಸಲಿ. ಹತ್ತು ದಿನಗಳಲ್ಲಿ ಒಂದು ದಿನವಾದರೂ ವಿದ್ಯುತ್ತಿನ ಸಹಾಯವಿಲ್ಲದೆ ಸ್ವಾಧ್ಯಾಯ ನಡೆಯಲಿ. ಆ ದಿನ ಪಂಡಿತರು ನಿಧಾನವಾಗಿ ಓದಬೇಕಾಗುತ್ತದೆ. ಹಿಂದೆ ಕುಳಿತವರು ಮಾತು ನಿಲ್ಲಿಸಿ ಹತ್ತಿರ ಸರಿಯಬೇಕಾಗುತ್ತದೆ.